ಸೀರಿಯಲ್ ಸೆಟ್ ಕಟ್ಟೋದು ಯಾರ ಕೆಲಸ?

ದೀಪಾವಳಿ ಹತ್ತಿರ ಬಂತು ಅನ್ನೋದು ನಮ್ಮ ಹಾಸ್ಟೆಲ್‌ನಲ್ಲಿ ಕ್ಯಾಲೆಂಡರ್ ನೋಡಿ ಗೊತ್ತಾಗೋದಿಲ್ಲ, ಮನೆಯಿಂದ ಬರೋ ಫೋನಿನಿಂದ ಗೊತ್ತಾಗತ್ತೆ. ಮೊದಲು ಊಟ ಆಯ್ತಾ, ಆಮೇಲೆ ಇಂಟರ್ನಲ್ಸ್ ಹೇಗಾಯ್ತು, ಕೊನೆಗೆ ಫೋನ್ ಇಡೋಕೆ ಮುಂಚೆ ಒಂದು ಮಾತು: "ಯಾವತ್ತು ಬರ್ತೀಯ? ಸೀರಿಯಲ್ ಸೆಟ್ ಅಟ್ಟದ ಮೇಲಿದೆ. ನೀನು ಬಂದ್ಮೇಲೇ ಇಳಿಸೋಣ ಅಂತ ಬಿಟ್ಟಿದೀವಿ."

"ನೋಡ್ತೀನಮ್ಮ, ಲ್ಯಾಬ್ ಇದೆ" ಅಂತೀವಿ ನಾವು. ಸೀಟು ಸಿಕ್ಕರೆ ಹಬ್ಬದ ಹಿಂದಿನ ರಾತ್ರಿ ಬಸ್ ಹತ್ತುತ್ತೀವಿ. ನರಕ ಚತುರ್ದಶಿ ಬೆಳಗ್ಗೆ ಎಣ್ಣೆಸ್ನಾನದ ಹೊತ್ತಿಗೆ ಮನೆ ಸೇರಿ, ಹೋಳಿಗೆ ತಿಂದು ಮಲಗಿ, ಸಂಜೆ ಐದಕ್ಕೆ ಎದ್ದು, ಕತ್ತಲಾಗೋಕೆ ಮುಂಚೆ ಅವಸರ ಅವಸರವಾಗಿ ಅರ್ಧ ಗಂಟೆಯಲ್ಲಿ ಲೈಟ್ ಕಟ್ಟಿ ಮುಗಿಸ್ತೀವಿ. ಉರಿದರೆ ಆಯ್ತು. ಒಂದು ಫೋಟೋ, ಒಂದು ಸ್ಟೇಟಸ್. ಅಲ್ಲಿಗೆ ಕೆಲಸ ಮುಗೀತು.

ಇಷ್ಟಕ್ಕೇ ಕೆಲಸ ಮುಗಿಯೋದಿಲ್ಲ ಅಂತ ಹೇಳೋಕೇ ಈ ಲೇಖನ. ಮನೆಗೆ ಹಬ್ಬದ ದೀಪ ಕಟ್ಟೋದು ಚಿಲ್ಲರೆ ಕೆಲಸ ಅಲ್ಲ. ಇಂಜಿನಿಯರಿಂಗ್ ಓದ್ತಿರೋ ನಮಗೆ ಮನೆಯವರು ಕಣ್ಣು ಮುಚ್ಚಿ ನಂಬಿ ಕೊಡೋ ಮೊದಲ ಕೆಲಸ ಅದು. ಒಂದು ದಿನ ಮುಂಚೆ ಊರಿಗೆ ಹೋಗಿ, ತಿಳಿದುಕೊಂಡು, ಸರಿಯಾಗಿ ಮಾಡಬೇಕಾದ ಕೆಲಸ. ಈ ಮಾತು ನಮಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಕ್ಲಬ್‌ನಲ್ಲಿ ಈ ಸಲದ ಸಂಚಿಕೆಗೆ ಏನು ಬರೆಯೋದು ಅಂತ ಕೂತಿದ್ದಾಗ ನಮ್ಮಲ್ಲೊಬ್ಬ ಹೇಳಿದ ಒಂದು ವಿಷಯದಿಂದ ಬಂದದ್ದು.

ಗ್ರಿಲ್ಲಿನಲ್ಲಿ ಕರೆಂಟು

ಅವನಾಗ ಮೂರನೇ ಸೆಮಿಸ್ಟರ್. ತುಮಕೂರು ಕಡೆಯ ಹಳೇ ಮನೆ. ಮುಂದೆ ಜಗುಲಿ, ಜಗುಲಿಗೆ ಕಬ್ಬಿಣದ ಗ್ರಿಲ್. ಮನೆಯಲ್ಲಿ ಮೂರು ಸೆಟ್ ಇತ್ತು, ಸಾಕೆಟ್ ಇದ್ದದ್ದು ಒಂದೇ. ಎರಡು ಸೆಟ್‌ಗಳ ಪ್ಲಗ್ ಕತ್ತರಿಸಿ, ವೈರ್ ಸುಲಿದು, ಮೂರನೇದಕ್ಕೆ ತಿರುಚಿ ಸೇರಿಸಿದ. ಇನ್ಸುಲೇಷನ್ ಟೇಪ್ ಸಿಗಲಿಲ್ಲ. ತಂಗಿಯ ಸ್ಕೂಲ್ ಬ್ಯಾಗಿನಲ್ಲಿದ್ದ ಸೆಲ್ಲೋ ಟೇಪ್ ಸುತ್ತಿದ. ಆ ಜಾಯಿಂಟನ್ನ ಗ್ರಿಲ್ಲಿಗೇ ಬೈಂಡಿಂಗ್ ವೈರ್ ಹಾಕಿ ಬಿಗಿದ. ಸ್ವಿಚ್ ಹಾಕಿದ, ಮೂರೂ ಸೆಟ್ ಉರಿದವು. ಮನೆಯವರೆಲ್ಲ ಹೊರಗೆ ಬಂದು ನೋಡಿದರು. ಅಪ್ಪ ಪಕ್ಕದ ಮನೆಯವರಿಗೆ "ನಮ್ಮ ಇಂಜಿನಿಯರ್ ಬಂದಿದಾನೆ" ಅಂದರು.

ರಾತ್ರಿ ಹಿಂಗಾರು ಮಳೆಯ ಒಂದು ಜಡಿ ಬಂದು ಹೋಯ್ತು. ಮಳೆಗೆ ಆರಿದ್ದ ಹಣತೆಗಳನ್ನ ಮತ್ತೆ ಹಚ್ಚೋಕೆ ಅಮ್ಮ ಬರಿಗಾಲಲ್ಲಿ ಜಗುಲಿಗೆ ಬಂದು ಗ್ರಿಲ್ ಹಿಡಿದರು.

ದೇವರ ದಯೆ, ಹೊಡೆತಕ್ಕೆ ಕೈ ಕಿತ್ತುಕೊಂಡಿತು. ಎಣ್ಣೆ ಬಟ್ಟಲು ಬಿದ್ದು ಚೆಲ್ಲಿತು ಅಷ್ಟೇ. ಅಮ್ಮ ಯಾರಿಗೂ ಹೇಳಲಿಲ್ಲ. ಮೇನ್ ಸ್ವಿಚ್ ಆರಿಸಿ ಮಲಗಿದರು. ಎರಡು ದಿನ ಆದ ಮೇಲೆ, ಇವನು ಬಸ್ ಹತ್ತೋ ಹೊತ್ತಿಗೆ ಮೆಲ್ಲಗೆ ಹೇಳಿದರಂತೆ. "ಅವತ್ತೇ ಯಾಕಮ್ಮ ಹೇಳಲಿಲ್ಲ?" ಅಂತ ಕೇಳಿದ್ದಕ್ಕೆ, "ನೀನೇ ಕಟ್ಟಿದ್ದಲ್ವೇನೋ, ಸರಿಯಾಗೇ ಇರತ್ತೆ ಅನ್ಕೊಂಡೆ. ನಾನೇ ಏನೋ ತಪ್ಪು ಮಾಡಿದೆ ಅನ್ನಿಸ್ತು" ಅಂದರಂತೆ.

ಇದನ್ನ ಕೇಳಿ ನಾವ್ಯಾರೂ ಅವನನ್ನ ಬೈಯಲಿಲ್ಲ. ಬೈಯೋ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸೆಲ್ಲೋ ಟೇಪ್ ನಾವೂ ಸುತ್ತಿದೀವಿ. ಪ್ಲಗ್ ಇಲ್ಲದ ವೈರನ್ನ ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಗಿಸಿದೀವಿ. ಕಿಟಕಿ ಸಂದಿಯಲ್ಲಿ ವೈರ್ ಹಾಕಿ ಬಾಗಿಲು ಜಡಿದಿದೀವಿ. ಇಷ್ಟೆಲ್ಲ ಮಾಡಿದ್ದು ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡ ಮೇಲೆ. ಕಿರ್ಚಾಫ್ ನಿಯಮ ಬರೆಯೋಕೆ ಗೊತ್ತು, ಅದು ನಮ್ಮ ಮನೆ ಜಗುಲಿಗೂ ಅನ್ವಯಿಸತ್ತೆ ಅಂತ ಗೊತ್ತಿರಲಿಲ್ಲ.

ಮೂರು ವೋಲ್ಟ್ ಏನು ಮಾಡತ್ತೆ?

ನಾವೆಲ್ಲ ಮಾಡೋ ತಪ್ಪಿನ ಬುಡದಲ್ಲಿ ಒಂದು ನಂಬಿಕೆ ಇದೆ: "ಎಲ್‌ಇಡಿ ತಾನೇ, ಮೂರು ವೋಲ್ಟ್. ಮುಟ್ಟಿದರೆ ಏನೂ ಆಗಲ್ಲ."

ಬ್ರೆಡ್‌ಬೋರ್ಡ್ ಮೇಲೆ ಹೌದು. ಅಲ್ಲಿ ಇರೋದು ಐದು ವೋಲ್ಟ್ ಸಪ್ಲೈ. ಮನೆಯ ಗೋಡೆಯಲ್ಲಿ ಇರೋದು 230 ವೋಲ್ಟ್, ಅದರ ಪೀಕ್ 325 ವೋಲ್ಟ್ ಹತ್ತಿರ. ಬಿಳಿ ಅಥವಾ ನೀಲಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್, ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ನೂರು ಬಿಳಿ ಎಲ್‌ಇಡಿ ಸಾಲಾಗಿ ಜೋಡಿಸಿದರೆ ಹೆಚ್ಚುಕಡಿಮೆ 300 ವೋಲ್ಟ್ ಆಯ್ತು. ಅದಕ್ಕೇ ಅಗ್ಗದ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರೋದಿಲ್ಲ. ಕರೆಂಟನ್ನ ಹದ್ದುಬಸ್ತಿನಲ್ಲಿಡೋಕೆ ರೆಸಿಸ್ಟರ್, ಮಿನುಗಿಸೋಕೆ ಒಂದು ಪುಟ್ಟ ಕಂಟ್ರೋಲರ್ ಡಬ್ಬಿ, ಅಷ್ಟೇ. ಮನೆಯ ಮೇನ್ಸ್‌ಗೂ ಆ ಸಾಲಿಗೂ ನಡುವೆ ಯಾವ ತಡೆಗೋಡೆಯೂ ಇಲ್ಲ.

ಅಂದರೆ, ಒಂದೊಂದು ಎಲ್‌ಇಡಿಯ ಎರಡು ಕಾಲುಗಳ ನಡುವೆ ಇರೋದು ಮೂರೇ ವೋಲ್ಟ್. ಆದರೆ ಆ ಕಾಲಿಗೂ ನೆಲಕ್ಕೂ ನಡುವೆ ಮೇನ್ಸ್‌ನ ಪೂರ್ತಿ ವೋಲ್ಟೇಜ್ ಇರಬಹುದು. ನಾವು ನಿಂತಿರೋದು ನೆಲದ ಮೇಲೆ. ಅಮ್ಮ ನಿಂತಿದ್ದದ್ದೂ ನೆಲದ ಮೇಲೆ, ಅದೂ ಒದ್ದೆ ನೆಲದ ಮೇಲೆ. ವೋಲ್ಟೇಜ್ ಅನ್ನೋದು ಯಾವಾಗಲೂ ಎರಡು ಬಿಂದುಗಳ ನಡುವಿನ ಲೆಕ್ಕ ಅಂತ ಮೊದಲ ವರ್ಷ ಬರೆದುಕೊಂಡಿದ್ದೆವಲ್ಲ, ಇದೇ ಅದು.

"ಎಂಸಿಬಿ ಇದೆಯಲ್ಲ, ಬೀಳತ್ತೆ" ಅಂತ ಇನ್ನೊಂದು ಧೈರ್ಯ. ಎಂಸಿಬಿ ಇರೋದು ವೈರ್ ಕಾಯೋಕೆ, ಮನುಷ್ಯರನ್ನ ಕಾಯೋಕಲ್ಲ. ಮನೆಯ ಲೈಟ್ ಸರ್ಕ್ಯೂಟಿನ ಎಂಸಿಬಿ 6 ಆಂಪಿಯರ್‌ನದ್ದು ಅನ್ನಿ, ಅಂದರೆ 6000 ಮಿಲಿಆಂಪಿಯರ್. ಎದೆಯ ಮೂಲಕ ಕೆಲವು ಹತ್ತು ಮಿಲಿಆಂಪಿಯರ್ ಹರಿದರೂ ಜೀವಕ್ಕೆ ಅಪಾಯ. ಎಂಸಿಬಿಗೆ ಅದು ಗೊತ್ತೇ ಆಗೋದಿಲ್ಲ, ಇನ್ನೊಂದು ಝೀರೋ ಬಲ್ಬು ಉರೀತಿದೆ ಅನ್ಕೊಳ್ಳತ್ತೆ.

ಮನುಷ್ಯರನ್ನ ಕಾಯೋದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟಿಗೂ ಲೆಕ್ಕ ಸರಿಹೋಗುತ್ತಾ ಅಂತ ಅದು ನೋಡ್ತಾ ಇರತ್ತೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟೋಕೆ ಮುಂಚೆ, ಹೆಚ್ಚೆಂದರೆ ಮುಟ್ಟಿದ ತಕ್ಷಣ, ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡಿದುಬಿಡತ್ತೆ. ಇದೂ ಕಿರ್ಚಾಫ್‌ನದ್ದೇ ಲೆಕ್ಕ. ತುಮಕೂರಿನ ಆ ಮನೆಯಲ್ಲಿ ಅದು ಇರಲಿಲ್ಲ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ ಅಂತ ಆವತ್ತು ಕೇಳಿಕೊಂಡಾಗ, ಹೆಚ್ಚಿನವರಿಗೆ ಇದೆಯೋ ಇಲ್ಲವೋ ಅನ್ನೋದೇ ಗೊತ್ತಿರಲಿಲ್ಲ. ಮನೆಯ ಮೀಟರ್ ಬೋರ್ಡನ್ನ ನಾವು ಯಾವತ್ತೂ ತೆರೆದು ನೋಡಿದವರೇ ಅಲ್ಲ.

ಮೊದಲ ದೀಪದ ಸಾಲು ಕಟ್ಟಿದ್ದು ಮನೆಯವನೇ

ಹಬ್ಬಕ್ಕೆ ಮನೆಯನ್ನ ವಿದ್ಯುತ್ ದೀಪದಿಂದ ಸಿಂಗರಿಸೋ ಪದ್ಧತಿ ಶುರುವಾದದ್ದೇ ನಮ್ಮ ವೃತ್ತಿಯ ಹತ್ತಿರದ ಒಬ್ಬನಿಂದ. 1882ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಪುಟ್ಟ ಬಲ್ಬುಗಳನ್ನ ಹಾಕಿದ. ಅಂಗಡಿಯಲ್ಲಿ ಆಗ ರೆಡಿಮೇಡ್ ಸೆಟ್ ಸಿಗ್ತಿರಲಿಲ್ಲ, ಒಂದೊಂದನ್ನೂ ಕೈಯಲ್ಲೇ ವೈರ್ ಮಾಡಬೇಕಿತ್ತು. ಕಂಪನಿಗೆ ಅದರಿಂದ ಪ್ರಚಾರ ಸಿಕ್ಕಿತು ನಿಜ. ಆದರೆ ಹೊಸ ವಿದ್ಯೆಯನ್ನ ಅವನು ತಂದದ್ದು ತನ್ನ ಮನೆಯೊಳಗೆ, ಹಬ್ಬದ ಹೊತ್ತಿಗೆ.

ನಮ್ಮ ಕಡೆಗೆ ಕರೆಂಟು ಬಂದದ್ದೂ ಹೆಚ್ಚು ತಡವಾಗಿಯೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಇವತ್ತು ಮೈಸೂರು ಅರಮನೆಗೆ ಒಂದು ಲಕ್ಷದ ಹತ್ತಿರ ಬಲ್ಬು. ದಸರಾದಲ್ಲಿ ಅವೆಲ್ಲ ಒಟ್ಟಿಗೆ ಹತ್ತಿಕೊಂಡಾಗ ಅಲ್ಲಿ ಸೇರಿದ ಜನ "ಓ" ಅನ್ನೋದನ್ನ ಕೇಳಿದವರು ನಮ್ಮಲ್ಲಿ ಸುಮಾರು ಜನ ಇದೀವಿ. ಅರಮನೆಯ ದೀಪ ನೋಡಿಕೊಳ್ಳೋಕೆ ಅದೇ ಕೆಲಸದವರಿದ್ದಾರೆ. ನಮ್ಮ ಮನೆಗೆ ಇರೋದು ನಾವೇ.

ನಮಗಿಂತ ಮುಂಚೆ ಅಪ್ಪ ಇದ್ದರು. ಕ್ಲಬ್‌ನ ಗೆಳತಿಯೊಬ್ಬಳ ಅಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ದಿನಸಿ ಅಂಗಡಿ ಇಟ್ಟವರು. ಆಗಿನದ್ದು ಎಲ್‌ಇಡಿ ಅಲ್ಲ, ತಂತಿ ಕಾದು ಉರಿಯೋ ಬೆರಳುದ್ದದ ಬಲ್ಬು, 40 ಬಲ್ಬು ಒಂದೇ ಸಾಲಿನಲ್ಲಿ. ಒಂದು ಸುಟ್ಟರೆ ಇಡೀ ಸಾಲು ಕತ್ತಲು. ಅವರು ಒಂದರಿಂದ 40ರವರೆಗೆ ಹುಡುಕ್ತಿರಲಿಲ್ಲ. ನಡುವಿನ ಬಲ್ಬಿನ ಬುಡಕ್ಕೆ ಟೆಸ್ಟರ್ ಇಡೋರು. ಹೊಳೆದರೆ ಅಲ್ಲಿವರೆಗೆ ಫೇಸ್ ಬರ್ತಿದೆ, ತೊಂದರೆ ಮುಂದಿದೆ. ಹೊಳೆಯದಿದ್ದರೆ ಹಿಂದಿದೆ. ಉಳಿದ ಅರ್ಧದಲ್ಲಿ ಮತ್ತೆ ನಡುವೆ. ಐದಾರು ಸಲಕ್ಕೆ ಕೆಟ್ಟ ಬಲ್ಬು ಸಿಕ್ಕೇ ಬಿಡೋದು. ಇದರ ಹೆಸರು ಬೈನರಿ ಸರ್ಚ್ ಅಂತ ಅವಳಿಗೆ ಗೊತ್ತಾದದ್ದು ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ. ಕರೆಂಟಿರೋ ಸಾಲಿನಲ್ಲಿ ಹಾಗೆ ಕೈ ಹಾಕೋದನ್ನ ನಾವು ಯಾರಿಗೂ ಹೇಳಿಕೊಡೋದಿಲ್ಲ. ಆದರೆ ಬಿಸಾಕೋಕೆ ಮುಂಚೆ ತಪ್ಪು ಎಲ್ಲಿದೆ ಅಂತ ಹುಡುಕೋ ಆ ಬುದ್ಧಿ ಇದೆಯಲ್ಲ, ಅದು ನಮ್ಮಲ್ಲಿ ಕಡಿಮೆ ಆಗ್ತಿದೆ.

ಅವಳು ಇನ್ನೊಂದು ಮಾತೂ ಹೇಳಿದಳು. ಆ ದಿನಗಳಲ್ಲಿ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ತಿದ್ದವಳು ಅವಳು. ಅಪ್ಪನಿಗೆ ಕೈ ನಡುಗೋಕೆ ಶುರುವಾದ ಮೇಲೆ ಟೆಸ್ಟರ್ ಹೋದದ್ದು ಮಾತ್ರ ತಮ್ಮನ ಕೈಗೆ. ಅವನು ಬಿ.ಕಾಂ, ಇವಳು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಆದರೂ ಹಬ್ಬದ ದಿನ ಇವಳಿಗೆ ರಂಗೋಲಿ, ಅವನಿಗೆ ಏಣಿ. ಹೋದ ವರ್ಷ ಇವಳೇ ಏಣಿ ಹತ್ತಿದಳು. ಅಜ್ಜಿ "ಹೆಣ್ಮಗು ತಾರಸಿ ಹತ್ತೋದಾ" ಅಂದರು. ಇವಳು ಇಳಿಯಲಿಲ್ಲ. ಸಂಜೆ ದೀಪ ಹತ್ತಿದಾಗ ಅಜ್ಜಿ ಹೊರಗೆ ಬಂದು ನೋಡಿ, "ಆ ಮೂಲೇಲಿ ಸ್ವಲ್ಪ ಜೋತುಬಿದ್ದಿದೆ, ನಾಳೆ ಸರಿಮಾಡು" ಅಂದರಂತೆ. ನಾಳೆಯ ಕೆಲಸವೂ ಇವಳದ್ದೇ ಅಂತ ಆಯ್ತಲ್ಲ, ಅಷ್ಟು ಸಾಕು ಅಂತಾಳೆ. ಸೀರಿಯಲ್ ಸೆಟ್ ಕಟ್ಟೋದು ಯಾರ ಕೆಲಸ ಅನ್ನೋದಕ್ಕೆ ನಮ್ಮ ಉತ್ತರ ಇದು: ಮನೆಯಲ್ಲಿ ಯಾರಿಗೆ ಚೆನ್ನಾಗಿ ಗೊತ್ತೋ ಅವರದ್ದು. ಮಗ, ಮಗಳು ಅಂತಲ್ಲ.

ನಾವು ಹೋಗದಿದ್ದರೆ

"ನಾನು ಹೋಗದಿದ್ದರೆ ಏನಾಯ್ತು, ಒಂದು ವರ್ಷ ಲೈಟ್ ಇಲ್ಲ ಅಷ್ಟೇ" ಅಂತ ಅನ್ನಿಸಬಹುದು. ಹಾವೇರಿ ಕಡೆಯ ಗೆಳೆಯ ಹಾಗೇ ಅಂದುಕೊಂಡು ಹೋದ ದೀಪಾವಳಿಗೆ ಇಲ್ಲೇ ಉಳಿದ. ಅಮಾವಾಸ್ಯೆ ದಿನ ಅವನಪ್ಪ ವಿಡಿಯೋ ಕಾಲ್ ಮಾಡಿದರು. ಆಕಾಶಬುಟ್ಟಿ ತೂಗ್ತಿತ್ತು, ಮನೆ ಮುಂದೆ ಎರಡು ಸಾಲು ದೀಪ ಇತ್ತು. "ಯಾರು ಕಟ್ಟಿದರು ಅಪ್ಪಾ?" "ನಾನ ಕಟ್ಟೀನಿ." "ಏಣಿ ಎಲ್ಲಿತ್ತು?" ಏಣಿ ಇರಲಿಲ್ಲ. ಸ್ಟೂಲ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತಿದ್ದರು. ಅವರಿಗೆ ಐವತ್ತೆಂಟು ವರ್ಷ, ಮೊಣಕಾಲು ನೋವು. ಇವನು ಸಿಟ್ಟಿನಿಂದ ಏನೋ ಹೇಳೋಕೆ ಹೋದರೆ, ಅವರು ನಕ್ಕು, "ನೀ ಬರ್ಲಿಲ್ಲ ಅಂತ ಮನಿ ಕತ್ತಲಿ ಇಡಾಕ ಆಗ್ತೈತೇನು?" ಅಂದರು.

ಹಬ್ಬದ ದಿನ ಮನೆ ಕತ್ತಲಾಗಿರೋಕೆ ಅವರು ಬಿಡೋದಿಲ್ಲ. ನಾವು ಹೋಗದಿದ್ದರೆ ಕೆಲಸ ನಿಲ್ಲೋದಿಲ್ಲ, ವಯಸ್ಸಾದವರ ಮೇಲೆ ಬೀಳತ್ತೆ ಅಷ್ಟೇ.

ಪ್ಲೇಸ್‌ಮೆಂಟ್ ಇರೋರು, ಪರೀಕ್ಷೆ ಇರೋರು, ಟಿಕೆಟ್ ದುಡ್ಡಿಗೇ ಯೋಚನೆ ಮಾಡಬೇಕಾದವರು ನಮ್ಮಲ್ಲಿದ್ದಾರೆ. ಹಬ್ಬದ ವಾರ ಬಸ್ಸಿನ ದರ ಎಲ್ಲಿಗೆ ಏರತ್ತೆ ಅಂತ ನಮಗೆ ಗೊತ್ತಿಲ್ಲದ್ದಲ್ಲ. ಅಂಥವರು ಬೇಸರ ಮಾಡ್ಕೋಬೇಡಿ, ನಿಮಗೆ ಈ ಮಾತಲ್ಲ. ನಾವು ಹೇಳ್ತಿರೋದು ಹೋಗೋಕೆ ಆಗೋರಿಗೆ, ಹೋಗೋರಿಗೆ, ಆದರೆ ಅತಿಥಿಯ ಥರ ಹೋಗಿ ಬರೋರಿಗೆ. ಆಗದವರು ಒಂದು ಕೆಲಸ ಮಾಡಬಹುದು. ನಾಲ್ಕು ದಿನ ಮುಂಚೆ ವಿಡಿಯೋ ಕಾಲ್ ಮಾಡಿ, ಪಕ್ಕದ ಬೀದಿಯ ವೈರ್‌ಮ್ಯಾನ್ ಅಣ್ಣನನ್ನ ಕರೆಸಿ, ನೀವು ನೋಡ್ತಾ ಇರೋ ಹಾಗೇ ಕಟ್ಟಿಸಿ. ಅಪ್ಪ ಕುರ್ಚಿ ಹತ್ತೋದು ತಪ್ಪತ್ತೆ.

"ಹಣತೆ ಸಾಕು, ಇದೆಲ್ಲ ಯಾಕೆ?"

ಈ ಪ್ರಶ್ನೆ ನಮ್ಮ ಮಾತುಕತೆಯಲ್ಲೂ ಬಂತು. ಎರಡು ರೀತಿಯಲ್ಲಿ ಬಂತು.

ಒಂದು, ವಿದ್ಯುತ್ ದಂಡ ಅನ್ನೋದು. ಲೆಕ್ಕ ಹಾಕೋಣ. ಒಂದು ಎಲ್‌ಇಡಿ ಸೆಟ್ 10 ವ್ಯಾಟ್ ಅನ್ನಿ. ರಾತ್ರಿಗೆ ಆರು ಗಂಟೆ, ಐದು ರಾತ್ರಿ, ಒಟ್ಟು 30 ಗಂಟೆ. 300 ವ್ಯಾಟ್-ಅವರ್, ಅಂದರೆ 0.3 ಯೂನಿಟ್. ಎರಡು ಕಿಲೋವ್ಯಾಟ್‌ನ ಗೀಸರ್ ಒಂಬತ್ತೇ ನಿಮಿಷಕ್ಕೆ ಅಷ್ಟು ಎಳೆಯತ್ತೆ. ಇಡೀ ಹಬ್ಬಕ್ಕೆ ಒಂದು ಸೆಟ್ ಉರಿಸೋ ಕರೆಂಟಿನಲ್ಲಿ ನಮ್ಮ ಒಂದು ಎಣ್ಣೆಸ್ನಾನದ ನೀರೂ ಸರಿಯಾಗಿ ಕಾಯೋದಿಲ್ಲ. ದಂಡ ಆಗ್ತಿರೋದು ಕರೆಂಟಲ್ಲ, ಸೆಟ್ಟು. ಒಂದು ಕಾಲು ಮುರಿದದ್ದಕ್ಕೆ, ಒಂದು ಜಾಯಿಂಟ್ ಬಿಟ್ಟದ್ದಕ್ಕೆ ಇಡೀ ಸೆಟ್ ತಿಪ್ಪೆಗೆ ಹೋಗತ್ತೆ. ಅದರೊಳಗಿನ ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರ ಅನ್ನೋ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇವತ್ತಿನ ಬಿಳಿ ಎಲ್‌ಇಡಿ ಬೆಳಕು ಬಂದದ್ದು ಅದರ ಬೆನ್ನ ಹಿಂದೆ. ಅಷ್ಟು ದೊಡ್ಡ ವಿದ್ಯೆ ಕೈಗೆ ಅಗ್ಗವಾಗಿ ಸಿಕ್ಕಿದೆ ಅಂತ ವರ್ಷಕ್ಕೊಂದು ಕೊಂಡು ವರ್ಷಕ್ಕೊಂದು ಎಸೀತೀವಿ.

ಎರಡು, ಸಂಸ್ಕೃತಿಯ ಮಾತು: ದೀಪಾವಳಿ ಅಂದರೆ ಎಣ್ಣೆ ದೀಪ, ಸೀರಿಯಲ್ ಸೆಟ್ ಅದನ್ನ ಹಾಳು ಮಾಡ್ತು ಅಂತ. ಹಣತೆ ಬೇಡ ಅಂತ ನಾವ್ಯಾರೂ ಹೇಳೋದಿಲ್ಲ. ಹೊಸ್ತಿಲಿಗೆ, ತುಳಸಿಕಟ್ಟೆಗೆ, ಬಾವಿಕಟ್ಟೆಗೆ ಹಣತೆಯೇ ಚೆಂದ. ಆದರೆ ಒಂದು ಯೋಚನೆ ಮಾಡಿ. ಮಲೆನಾಡಿನಲ್ಲಿ ಅಂಟಿಗೆ-ಪಂಟಿಗೆಯವರು ರಾತ್ರಿಯೆಲ್ಲ ಹಾಡು ಹೇಳ್ತಾ ಮನೆಮನೆಗೆ ದೀಪ ಒಯ್ತಾರೆ. ಆ ದೀಪಕ್ಕೆ ಬೆಲೆ ಬಂದದ್ದು ಬರೀ ಎಣ್ಣೆಯಿಂದಲ್ಲ, ಅದನ್ನ ಗಾಳಿಗೆ ಆರದ ಹಾಗೆ ಕೈಯಲ್ಲಿ ಕಾಪಾಡಿಕೊಂಡು ಬಂದವರಿಂದ. ಕರಾವಳಿಯಲ್ಲಿ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡ್ತಾರೆ. ಅದರೊಳಗೆ ಈಗ ಇರೋದು ಬಲ್ಬೇ. ಯಾರೂ ಅದನ್ನ ಕೃತಕ ಅನ್ನೋದಿಲ್ಲ, ಮನೆಯವರು ಕೂತು ಮಾಡಿದ್ದು ಅನ್ನೋದು ಕಾಣತ್ತೆ. ಎಣ್ಣೆಯೋ ಕರೆಂಟೋ ಅನ್ನೋದಕ್ಕಿಂತ, ಯಾರ ಕೈ ತಾಗಿದೆ ಅನ್ನೋದು ಮುಖ್ಯ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಮನೆ ವಿಳಾಸ ಕೊಟ್ಟರೆ ಸೆಟ್ ಹೋಗಿ ಸೇರತ್ತೆ. ಕಟ್ಟೋ ಕೈ ಹೋಗೋದಿಲ್ಲ.

ಹಾಗಾದರೆ ಏನು ಮಾಡೋದು?

ದೀಪಾವಳಿ ಅಂತ ಬರೆದೆವು, ಆದರೆ ಕ್ರಿಸ್‌ಮಸ್‌ಗೆ ನಕ್ಷತ್ರ ತೂಗುಹಾಕೋ ಮನೆಯವರೂ, ಈದ್ ಮಿಲಾದ್‌ಗೆ ಬೀದಿಯುದ್ದಕ್ಕೂ ಸೆಟ್ ಎಳೆಯೋರೂ ನಮ್ಮ ಕ್ಲಬ್‌ನಲ್ಲಿದ್ದಾರೆ. ಮುಂದಿನ ಮಾತು ಎಲ್ಲರಿಗೂ.

ಮೊದಲನೇದು, ಒಂದು ದಿನ ಮುಂಚೆ ಹೋಗಿ. ನೀರು ತುಂಬುವ ಹಬ್ಬದ ದಿನ ಅಮ್ಮ ಹಂಡೆ ತೊಳೆದು ಸಿಂಗರಿಸೋ ಹೊತ್ತಿಗೆ ನೀವು ಅಟ್ಟ ಹತ್ತಿ ಸೆಟ್ ಇಳಿಸಿ. ಹಗಲು ಬೆಳಕಿನಲ್ಲಿ, ನೆಲದ ಮೇಲೆ ಉದ್ದಕ್ಕೆ ಹರಡಿ, ಪ್ಲಗ್ ಹಾಕೋಕೆ ಮುಂಚೆ ಅಡಿ ಅಡಿಯಾಗಿ ಕೈಯಾಡಿಸಿ ನೋಡಿ. ಇಲಿ ಕಡಿದ ಜಾಗ, ಸುಲಿದ ಜಾಗ, ಹಸಿರುಗಟ್ಟಿದ ತಾಮ್ರ ಎಲ್ಲ ಹಗಲಲ್ಲೇ ಕಾಣತ್ತೆ, ಸಂಜೆ ಆರಕ್ಕೆ ಕಾಣೋದಿಲ್ಲ.

ಎರಡನೇದು, ಕೆಟ್ಟ ಎಲ್‌ಇಡಿ ಹುಡುಕೋದು ಪ್ಲಗ್ ಕಿತ್ತ ಮೇಲೆ ಮಾತ್ರ. ಕಂಪ್ಯೂಟರ್ ಮದರ್‌ಬೋರ್ಡಿನಲ್ಲಿರೋ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಇದೆಯಲ್ಲ, ಅದನ್ನ ಎಲ್‌ಇಡಿಯ ಎರಡು ಕಾಲಿಗೆ ತಾಗಿಸಿ. ಒಂದು ದಿಕ್ಕಿನಲ್ಲಿ ಹತ್ತದಿದ್ದರೆ ತಿರುಗಿಸಿ. ಎರಡೂ ದಿಕ್ಕಿನಲ್ಲಿ ಹತ್ತದಿದ್ದರೆ ಅದೇ ಕಳ್ಳ. ಅದೇ ಬಣ್ಣದ ಇನ್ನೊಂದು ಎಲ್‌ಇಡಿ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ. ಸ್ಲೀವ್ ಇಲ್ಲದಿದ್ದರೆ ಒಳ್ಳೇ ಇನ್ಸುಲೇಷನ್ ಟೇಪ್. ಸೆಲ್ಲೋ ಟೇಪ್ ಅಂತೂ ಪ್ರಾಣ ಹೋದರೂ ಬೇಡ. ಕೆಟ್ಟದ್ದನ್ನ ತೆಗೆದು ಎರಡು ತುದಿ ಸೇರಿಸಿಬಿಡೋದೂ ಬೇಡ. ಉಳಿದವುಗಳ ಮೇಲೆ ಭಾರ ಹೆಚ್ಚಾಗತ್ತೆ.

ಮೂರನೇದು, ಕಬ್ಬಿಣಕ್ಕೆ ಕಟ್ಟಬೇಡಿ. ಗ್ರಿಲ್, ಗೇಟು, ತಗಡಿನ ಸೂರು, ಬಟ್ಟೆ ಒಣಗಿಸೋ ತಂತಿ ಇವೆಲ್ಲ ಎಲ್ಲೋ ಒಂದು ಕಡೆ ಮುಟ್ಟಿದ ಕರೆಂಟನ್ನ ಇನ್ನೆಲ್ಲೋ ಇರೋರ ಕೈಗೆ ತಲುಪಿಸ್ತವೆ. ಬೇರೆ ದಾರಿಯೇ ಇಲ್ಲ ಅಂದರೆ ನಡುವೆ ಪ್ಲಾಸ್ಟಿಕ್ ಪೈಪಿನ ತುಂಡು ಹಾಕಿ, ಸೆಣಬಿನ ದಾರದಲ್ಲಿ ಅಥವಾ ಪ್ಲಾಸ್ಟಿಕ್ ಟ್ಯಾಗ್‌ನಲ್ಲಿ ಬಿಗಿಯಿರಿ. ಬೈಂಡಿಂಗ್ ವೈರ್ ಬೇಡ, ವೈರ್ ಮೇಲೆ ಮೊಳೆ ಬೇಡ. ಜಾಯಿಂಟ್, ಕಂಟ್ರೋಲರ್ ಡಬ್ಬಿ, ಎಕ್ಸ್‌ಟೆನ್ಷನ್ ಬಾಕ್ಸ್ ಮೂರೂ ಮಳೆ ಬೀಳದ ಕಡೆ, ನೆಲದಿಂದ ಮೇಲೆ ಇರಲಿ. ಹಣತೆ ಇಡೋ ಜಾಗಕ್ಕೂ ವೈರಿಗೂ ಒಂದು ಮಾರು ದೂರ ಇರಲಿ. ಆಕಾಶಬುಟ್ಟಿ, ಗೂಡುದೀಪದೊಳಗೆ ಹಳೇ ಝೀರೋ ಬಲ್ಬು ಬೇಡ. ಹೆಸರು ಝೀರೋ ಆದರೂ ಅದು ಹತ್ತು ವ್ಯಾಟ್‌ಗೂ ಮೇಲೆ ಎಳೆದು ಚೆನ್ನಾಗಿ ಕಾಯತ್ತೆ, ಸುತ್ತ ಇರೋದು ಕಾಗದ. ಸಣ್ಣ ಎಲ್‌ಇಡಿ ಬಲ್ಬ್ ಹಾಕಿ.

ನಾಲ್ಕನೇದು, ಮೀಟರ್ ಬೋರ್ಡ್ ತೆರೆದು ನೋಡಿ. ಆರ್‌ಸಿಸಿಬಿ ಇದ್ದರೆ ಅದರ ಮೇಲೆ ಟೆಸ್ಟ್ ಅನ್ನೋ ಪುಟ್ಟ ಗುಂಡಿ ಇರತ್ತೆ. ಒತ್ತಿ. ಟಪ್ ಅಂತ ಬಿದ್ದರೆ ಸರಿ, ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಇಲ್ಲವೇ ಇಲ್ಲ ಅಂದರೆ ಈ ಹಬ್ಬಕ್ಕೆ ಹೊಸ ಸೆಟ್ ಬಿಟ್ಟು ಅದನ್ನ ಹಾಕಿಸಿ. ನೀವೇ ಕೈ ಹಾಕಬೇಡಿ, ಲೈಸೆನ್ಸ್ ಇರೋ ವೈರ್‌ಮ್ಯಾನ್ ಕರೆಸಿ, ಪಕ್ಕದಲ್ಲಿ ನಿಂತು ಕಲಿಯಿರಿ. ದೀಪಾವಳಿಗೆ ಮನೆಗೆ ಏನು ತಂದೆ ಅಂತ ಯಾರಾದರೂ ಕೇಳಿದರೆ ಹೇಳಿಕೊಳ್ಳೋಕೆ ಇದಕ್ಕಿಂತ ಒಳ್ಳೇದು ನಮಗೆ ಗೊತ್ತಿಲ್ಲ.

ಐದನೇದು, ಇಳಿಸೋದು. ಕಟ್ಟಿದವರು ಕಾಲೇಜಿಗೆ ಓಡಿ ಬರ್ತೀವಿ. ಸೆಟ್ ತುಳಸಿ ಪೂಜೆಯವರೆಗೆ, ಕೆಲವು ಮನೆಯಲ್ಲಿ ಯುಗಾದಿಯವರೆಗೂ ಬಿಸಿಲು ಮಳೆಯಲ್ಲಿ ತೂಗ್ತಿರತ್ತೆ. ವೈರ್ ಸಿಡಿಯೋದು ಅಲ್ಲೇ. ಹೊರಡೋ ದಿನ ಒಂದರ್ಧ ಗಂಟೆ ಇಟ್ಕೊಳ್ಳಿ. ತುಳಸಿ ಪೂಜೆಗೆ ಬೇಕು ಅಂದರೆ ತಮ್ಮನಿಗೋ ತಂಗಿಗೋ ಹೇಳಿಕೊಟ್ಟು ಬನ್ನಿ. ರಟ್ಟಿನ ತುಂಡಿಗೆ ಸುತ್ತಿ, ಯಾವ ಸೆಟ್, ಎಷ್ಟು ಉದ್ದ, ಎಲ್ಲಿ ರಿಪೇರಿ ಆಗಿದೆ ಅಂತ ಪೆನ್ನಿನಲ್ಲಿ ಬರೆದಿಡಿ. ಮುಂದಿನ ವರ್ಷ ಅಟ್ಟ ಹತ್ತೋರು ಯಾರೇ ಆಗಲಿ, ಅವರಿಗೆ ಅನುಕೂಲ.

ಇದೆಲ್ಲ ಬರೆದ ಮೇಲೆ ಬರೀ ಬರೆದು ಬಿಡೋದು ಸರಿಯಲ್ಲ ಅನ್ನಿಸ್ತು. ರಜೆಗೆ ಮುಂಚಿನ ಶನಿವಾರ ಸಂಜೆ ನಾವು ಹಾಸ್ಟೆಲ್‌ನ ಕಾಮನ್ ಹಾಲ್‌ನಲ್ಲಿ ಕೂತಿರ್ತೀವಿ. ಸೋಲ್ಡರಿಂಗ್ ಐರನ್, ಸ್ಲೀವ್, ಮಲ್ಟಿಮೀಟರ್ ನಮ್ಮ ಹತ್ರ ಇರತ್ತೆ. ಡೇ ಸ್ಕಾಲರ್‌ಗಳು ಮನೆಯಿಂದ ಹಳೇ ಸೆಟ್ ತನ್ನಿ. ಹಾಸ್ಟೆಲ್‌ನವರು ರೂಮಿನ ಗೋಡೆಗೆ ಅಂಟಿಸಿ ಕೆಟ್ಟುಹೋದದ್ದನ್ನಾದರೂ ತನ್ನಿ. ಬೆಸುಗೆ ಹಾಕೋಕೆ ಬಾರದವರು ಬಂದು ಕಲಿಯಿರಿ, ಯಾವ ಬ್ರ್ಯಾಂಚ್ ಆದರೂ ಸರಿ. ತುಮಕೂರಿನ ಗೆಳೆಯನೇ ಹೇಳಿಕೊಡ್ತಾನೆ. ಜಾಯಿಂಟ್ ಮಾಡೋದು ಹೇಗೆ ಅಂತ ಈ ಕ್ಯಾಂಪಸ್‌ನಲ್ಲಿ ಅವನಷ್ಟು ಕಟ್ಟುನಿಟ್ಟಾಗಿ ಹೇಳೋರು ಈಗ ಯಾರೂ ಇಲ್ಲ. ಚಹಾ ನಮ್ಮ ಲೆಕ್ಕ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಇಷ್ಟು ಹೇಳಿ: ಅಟ್ಟದ ಮೇಲಿನ ಸೆಟ್ ಯಾರೂ ಇಳಿಸಬೇಡಿ, ಒಂದು ದಿನ ಮುಂಚೇನೇ ಬರ್ತೀನಿ, ನಾನೇ ಇಳಿಸ್ತೀನಿ ಅಂತ.